ಜ್ವರ ಇಳಿದ ಮೇಲೂ ನೋಡಬೇಕಾದದ್ದು

ಒಂದು ಜುಲೈ ಸಂಜೆ, ಕರಾವಳಿಯ ಒಂದು ಆಸ್ಪತ್ರೆಯ ವಾರ್ಡು. ಐದು ದಿನ 103 ಡಿಗ್ರಿ ಜ್ವರದಲ್ಲಿ ಬೆಂದಿದ್ದ ಹುಡುಗನ ಮೈ ಅಂದು ತಣ್ಣಗಾಗಿತ್ತು. ತಾಯಿ ಗಂಜಿ ಕುಡಿಸುತ್ತಿದ್ದರು. ಅವರ ಮುಖದಲ್ಲಿ ಐದು ದಿನದ ನಂತರ ನಗು ಕಂಡಿತ್ತು. "ಜ್ವರ ಬಿಡ್ತಲ್ಲ ಸಿಸ್ಟರ್, ನಾಳೆ ಮನೆಗೆ ಹೋಗ್ಬಹುದಾ?" ಎಂದು ಕೇಳಿದರು. ನನ್ನ ಜೊತೆಗಿದ್ದ ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ ಚಾರ್ಟಿನಲ್ಲಿ 98.6 ಎಂದು ಬರೆದು ಮುಂದಿನ ಹಾಸಿಗೆಗೆ ಹೊರಟಿದ್ದಳು.

ನಾನು ಹುಡುಗನ ಕೈ ಹಿಡಿದೆ. ಅಂಗೈ ಮಳೆಯಲ್ಲಿ ನೆನೆದ ಕಲ್ಲಿನ ಹಾಗೆ ತಣ್ಣಗಿತ್ತು. ಉಗುರು ಒತ್ತಿ ಬಿಟ್ಟೆ. ಬಿಳಿಚಿದ ಉಗುರು ಮತ್ತೆ ಕೆಂಪಾಗಲು ನಾಲ್ಕು ಸೆಕೆಂಡು ಹಿಡಿಯಿತು. ಎರಡು ಸೆಕೆಂಡಿನೊಳಗೆ ಆಗಬೇಕಿತ್ತು. ಬಿಪಿ ನೋಡಿದರೆ 100/84. ಹುಡುಗ ಮಾತ್ರ ಆರಾಮಾಗಿ ಮಾತಾಡುತ್ತಿದ್ದ.

ಅವನಿಗಿದ್ದದ್ದು ಡೆಂಗಿ. ಕೆಟ್ಟ ಗಳಿಗೆ ಶುರುವಾಗಿದ್ದೇ ಜ್ವರ ಇಳಿದ ಮೇಲೆ. ಹೊತ್ತಿಗೆ ಸರಿಯಾಗಿ ಡ್ರಿಪ್ ಹೋಯಿತು, ಹುಡುಗ ಉಳಿದ. ಆ ವಿದ್ಯಾರ್ಥಿನಿ ಆಮೇಲೆ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರವೇ ಈ ಬರಹ: "ಜ್ವರ ಹೋದ ಮೇಲೆ ಒಳಗೆ ಏನಾಗ್ತಾ ಇರುತ್ತೆ?"

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಇಲ್ಲಿ ಮೂರು ಜ್ವರಗಳು ಅಕ್ಕಪಕ್ಕದಲ್ಲೇ ಇವೆ. ಊರೊಳಗೆ ಡೆಂಗಿ, ಗದ್ದೆಯಲ್ಲಿ ಇಲಿ ಜ್ವರ, ಘಟ್ಟದ ಕಾಡಂಚಿನಲ್ಲಿ ಮಂಗನ ಕಾಯಿಲೆ. ಮೊದಲ ಮೂರು ದಿನ ಮೂರೂ ಒಂದೇ ಥರ ಕಾಣುತ್ತವೆ: ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಒಳಗೆ ಬೀಳುವ ಏಟು ಮಾತ್ರ ಬೇರೆ ಬೇರೆ ಜಾಗಕ್ಕೆ. ಯಾವ ಜಾಗ ಕೆಡುತ್ತದೆ ಎಂದು ಗೊತ್ತಿದ್ದರೆ, ಯಾವ ದಿನ ಏನು ನೋಡಬೇಕು ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು, ಜ್ವರ ಬರುವುದು ಹೇಗೆ

ಮೆದುಳಿನ ತಳದಲ್ಲಿ ಗೋಡಂಬಿಯಷ್ಟು ದೊಡ್ಡ ಒಂದು ಭಾಗವಿದೆ. ಹೆಸರು ಹೈಪೋಥಲಾಮಸ್. ಮೈ ಎಷ್ಟು ಬಿಸಿ ಇರಬೇಕು ಎಂದು ಗುರುತು ಹಾಕಿ ಇಟ್ಟುಕೊಳ್ಳುವುದು ಅದು. ಸಾಮಾನ್ಯ ದಿನಗಳಲ್ಲಿ ಗುರುತು 98.6ರ ಆಸುಪಾಸು.

ರೋಗಾಣು ಒಳಗೆ ಬಂದಾಗ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಒಂದು ಕಣ ಇನ್ನೊಂದನ್ನು ಕೂಗಿ ಕರೆಯುವುದು ಇವುಗಳ ಮೂಲಕ. ಈ ಕೂಗು ಮೆದುಳಿಗೆ ತಲುಪಿದಾಗ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಅದು ಆ ಗುರುತನ್ನು 103ಕ್ಕೆ ಏರಿಸಿಬಿಡುತ್ತದೆ. ಮೈ ಇನ್ನೂ 98.6ರಲ್ಲೇ ಇದೆ, ಗುರುತು ಮೇಲಿದೆ. ಹಾಗಾಗಿ ಮೈಗೆ ತನಗೆ ಚಳಿಯಾಗಿದೆ ಅನಿಸುತ್ತದೆ. ಜ್ವರ ಏರುವಾಗ ಗಡಗಡ ನಡುಗಿ ಕಂಬಳಿ ಕೇಳುವುದು ಇದಕ್ಕೇ.

ಪ್ಯಾರಾಸಿಟಮಾಲ್ ಆ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ತಡೆಯುತ್ತದೆ. ಗುರುತು ಕೆಳಗೆ ಬರುತ್ತದೆ, ಬೆವರು ಒಡೆಯುತ್ತದೆ, ರೋಗಿಗೆ ಹಾಯೆನಿಸುತ್ತದೆ. ಆದರೆ ವೈರಸ್ಸಿಗೋ ಬ್ಯಾಕ್ಟೀರಿಯಕ್ಕೋ ಈ ಮಾತ್ರೆಯಿಂದ ಏನೂ ಆಗಿರುವುದಿಲ್ಲ. ಥರ್ಮಾಮೀಟರ್ ಹೇಳುವುದು ಆ ಗುರುತು ಎಲ್ಲಿದೆ ಎಂಬುದನ್ನಷ್ಟೇ.

ಡೆಂಗಿ: ಏಡಿ ಕೊರೆದ ಕಟ್ಟೆ

ಕುಮಟಾ ಕಡೆ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆ ನೋಡಿದವರಿಗೆ ಡೆಂಗಿ ಬೇಗ ಅರ್ಥವಾಗುತ್ತದೆ. ಉಪ್ಪುನೀರಿಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ ಇರುತ್ತದೆ. ಆ ಕಟ್ಟೆ ಒಡೆಯಬೇಕೆಂದೇನೂ ಇಲ್ಲ. ಏಡಿಗಳು ಅಲ್ಲಲ್ಲಿ ಬಿಲ ಕೊರೆದರೂ ಸಾಕು, ನೀರು ಸದ್ದಿಲ್ಲದೆ ಸೋರುತ್ತದೆ. ಬಿಲದಲ್ಲಿ ನೀರು ದಾಟುತ್ತದೆ, ಸಣ್ಣ ಮೀನು ದಾಟುತ್ತದೆ, ದೊಡ್ಡ ಮೀನು ಅಲ್ಲೇ ಉಳಿಯುತ್ತದೆ.

ನಮ್ಮ ರಕ್ತನಾಳದ ಒಳಗೋಡೆಯೂ ಅಂಥ ಕಟ್ಟೆಯೇ. ಒತ್ತೊತ್ತಾಗಿ ಜೋಡಿಸಿದ ಜೀವಕೋಶಗಳು, ಅವುಗಳ ಮೇಲೆ ಪಾಚಿಯಂಥ ತೆಳುವಾದ ಒಂದು ಹೊದಿಕೆ. ಡೆಂಗಿ ವೈರಸ್ ಹೊರಬಿಡುವ ಎನ್‌ಎಸ್‌1 ಎಂಬ ಪ್ರೋಟೀನ್ ಈ ಹೊದಿಕೆಯನ್ನು ಕೆಡಿಸುತ್ತದೆ. ಮೊದಲ ದಿನಗಳ ರಕ್ತ ಪರೀಕ್ಷೆಯಲ್ಲಿ ನಾವು ಹುಡುಕುವ ಎನ್‌ಎಸ್‌1 ಇದೇ. ಜೊತೆಗೆ ಸೈಟೊಕೈನ್‌ಗಳ ಅಬ್ಬರ. ಎರಡೂ ಸೇರಿ ಕೋಶಗಳ ನಡುವಿನ ಸಂದು ಸಡಿಲವಾಗುತ್ತದೆ. ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಸಣ್ಣ ಪ್ರೋಟೀನುಗಳ ಸಮೇತ ಹೊಟ್ಟೆಗೆ, ಶ್ವಾಸಕೋಶದ ಸುತ್ತಲಿನ ಪೊರೆಗೆ ಸೋರುತ್ತದೆ. ಕೆಂಪು ಕಣಗಳು ದೊಡ್ಡವು, ಒಳಗೇ ಉಳಿಯುತ್ತವೆ. ಹೊರಗೆ ಒಂದು ಹನಿ ರಕ್ತ ಕಾಣದೆಯೂ ರೋಗಿ ಶಾಕ್‌ಗೆ, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಹೋಗಬಹುದು. ನೀರು ಹೋದದ್ದು ಮೈಯೊಳಗೇ, ಆದರೆ ರಕ್ತನಾಳದ ಹೊರಗೆ.

ಈ ಸೋರಿಕೆ ಜೋರಾಗುವುದು ಜ್ವರ ಶುರುವಾದ 3ರಿಂದ 7ನೇ ದಿನದೊಳಗೆ, ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ. ಅಷ್ಟೊತ್ತಿಗೆ ರಕ್ತದಲ್ಲಿ ವೈರಸ್ ಕಡಿಮೆಯಾಗಿರುತ್ತದೆ, ಗುರುತು ಕೆಳಗೆ ಬಂದಿರುತ್ತದೆ. ಮೈಯ ರಕ್ಷಣಾ ಪಡೆ ಎಬ್ಬಿಸಿದ ಗದ್ದಲ ಮಾತ್ರ ಆಗ ಶಿಖರದಲ್ಲಿರುತ್ತದೆ. 24ರಿಂದ 48 ಗಂಟೆ ಇದೇ ಕಥೆ.

ಇದನ್ನು ಹಿಡಿಯಲು ಎರಡು ಲೆಕ್ಕ ಬೇಕು. ಎರಡೂ ಸುಲಭ.

ಒಂದು, ಹೆಮಟೋಕ್ರಿಟ್. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬ ಸಂಖ್ಯೆ. ಲ್ಯಾಬಿನಲ್ಲಿ ಪಿಸಿವಿ ಎಂದೂ ಬರೆಯುತ್ತಾರೆ. ಸಾರಿನ ನೀರು ಬತ್ತಿದರೆ ಸಾರು ಗಟ್ಟಿಯಾಗುತ್ತದೆ ಅಲ್ವಾ, ಹಾಗೇ ಪ್ಲಾಸ್ಮಾ ಸೋರಿದರೆ ಈ ಸಂಖ್ಯೆ ಏರುತ್ತದೆ. ಮೊದಲ ದಿನ 38 ಇದ್ದದ್ದು 46 ಆದರೆ ಏರಿಕೆ 8. ಅಂದರೆ ಮೊದಲಿಗಿಂತ ಶೇಕಡಾ 21ರಷ್ಟು ಜಾಸ್ತಿ. ಶೇಕಡಾ 20 ದಾಟಿದರೆ ದೊಡ್ಡ ಸೋರಿಕೆ ಎಂದೇ ಅರ್ಥ. 46 ಎಂಬುದು ಸುಮ್ನೆ ನೋಡಿದರೆ ಆರೋಗ್ಯವಂತನ ಸಂಖ್ಯೆಯಂತೆಯೇ ಕಾಣುತ್ತದೆ. ಮೊದಲ ದಿನದ ಸಂಖ್ಯೆ ಕೈಯಲ್ಲಿಲ್ಲದಿದ್ದರೆ ಮೋಸ ಹೋಗುತ್ತೇವೆ.

ಎರಡು, ಬಿಪಿಯ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳ ಅಂತರ. ಮಾಮೂಲಾಗಿ 120/80, ಅಂತರ 40. ರಕ್ತ ಕಡಿಮೆಯಾದಾಗ ಮೈ ಮೊದಲು ಮಾಡುವ ಉಪಾಯ ಎಂದರೆ ಕೈಕಾಲಿನ ರಕ್ತನಾಳ ಬಿಗಿದು, ಇರುವ ರಕ್ತವನ್ನು ಮೆದುಳು ಹೃದಯಕ್ಕೆ ಮೀಸಲಿಡುವುದು. ನಾಳ ಬಿಗಿದಾಗ ಕೆಳಗಿನ ಸಂಖ್ಯೆ ಏರುತ್ತದೆ. ಮೇಲಿನದು ಇನ್ನೂ ಬಿದ್ದಿರುವುದಿಲ್ಲ. ಅಂತರ ಕಿರಿದಾಗುತ್ತಾ ಬರುತ್ತದೆ. ಅದು 20 ಅಥವಾ ಅದಕ್ಕಿಂತ ಕಡಿಮೆಯಾದರೆ ಶಾಕ್ ಬಾಗಿಲಲ್ಲಿದೆ. ಆ ಹುಡುಗನ ಅಂತರ 16 ಇತ್ತು. ತಣ್ಣನೆಯ ಅಂಗೈ, ತಡವಾಗಿ ಕೆಂಪಾದ ಉಗುರು, ಸ್ಪಷ್ಟ ಮಾತು, ಎಲ್ಲಕ್ಕೂ ಕಾರಣ ಒಂದೇ: ಕೈಯ ಪಾಲಿನ ರಕ್ತ ಮೆದುಳಿಗೆ ಹೋಗುತ್ತಿತ್ತು. "ನೂರಿದೆ, ಪರವಾಗಿಲ್ಲ" ಎಂದು ಮೇಲಿನ ಸಂಖ್ಯೆ ಮಾತ್ರ ನೋಡಿ ಸಮಾಧಾನಪಟ್ಟರೆ, ಮುಂದಿನ ಸಲ ಬಿಪಿಯೇ ಸಿಗದಿರಬಹುದು.

ಪ್ಲೇಟ್‌ಲೆಟ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳ ಬಗ್ಗೆ ಒಂದು ಮಾತು. ಮನೆಯವರು ಕೇಳುವುದು ಅದನ್ನೇ: "ಪ್ಲೇಟ್‌ಲೆಟ್ ಎಷ್ಟಾಯ್ತು?" ಮೂಳೆಯ ಮಜ್ಜೆಯಲ್ಲಿ ತಯಾರಿ ಕುಗ್ಗುವುದರಿಂದ, ರಕ್ತದಲ್ಲಿ ಇರುವವೂ ನಾಶವಾಗುವುದರಿಂದ ಅವು ಇಳಿಯುತ್ತವೆ ನಿಜ. ಆದರೆ ಡೆಂಗಿಯಲ್ಲಿ ಹೆಚ್ಚಿನವರ ಜೀವಕ್ಕೆ ಕುತ್ತು ತರುವುದು ಸೋರಿಕೆ. ರಕ್ತಸ್ರಾವ ಇಲ್ಲದೆ ಸಂಖ್ಯೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿಲ್ಲ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ಏರುವ ಹೆಮಟೋಕ್ರಿಟ್, ಇವನ್ನು ಹುಡುಕಿ. ಮೈನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ಕೊಡಬಾರದು. ಇರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಅವು ತಡೆಯುತ್ತವೆ, ಹೊಟ್ಟೆಯ ಒಳಪದರವನ್ನೂ ಸುಡುತ್ತವೆ.

ಎರಡನೇ ಸಲ ಬಂದರೆ ಏಕೆ ಜಾಸ್ತಿ ಅಪಾಯ ಎಂಬುದೂ ತಿಳಿದಿರಲಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಗೆ ಎದುರಾಗಿ ಮೈಯಲ್ಲಿ ಹುಟ್ಟಿದ ಪ್ರತಿಕಾಯ (ಆಂಟಿಬಾಡಿ) ಇನ್ನೊಂದು ಬಗೆಯನ್ನು ಹಿಡಿಯುತ್ತದೆ, ಕೊಲ್ಲಲು ಮಾತ್ರ ಅದಕ್ಕೆ ಆಗುವುದಿಲ್ಲ. ಹಿಡಿದುಕೊಂಡೇ ಬಿಳಿ ಕಣದ ಒಳಗೆ ಕರೆದೊಯ್ಯುತ್ತದೆ. ಅಲ್ಲಿ ವೈರಸ್ ಬೆಳೆಯುತ್ತದೆ. ಕಾವಲುಗಾರನೇ ಬಾಗಿಲು ತೆಗೆದಂತೆ.

ಆಮೇಲೆ ಕಥೆ ತಿರುಗುತ್ತದೆ. ಒಂದೆರಡು ದಿನದಲ್ಲಿ ಸಂದುಗಳು ಮುಚ್ಚುತ್ತವೆ, ಸೋರಿದ ನೀರು ವಾಪಸು ರಕ್ತನಾಳಕ್ಕೆ ಬರುತ್ತದೆ. ನಿನ್ನೆ ಜೀವ ಉಳಿಸಿದ ಡ್ರಿಪ್ ಇಂದು ಅದೇ ವೇಗದಲ್ಲಿ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹಸಿವು ಮರಳುವುದು, ಮೂತ್ರ ಚೆನ್ನಾಗಿ ಹೋಗುವುದು, ಕೈಕಾಲಿನಲ್ಲಿ ಕೆಂಪಿನ ನಡುವೆ ಬಿಳಿ ಮಚ್ಚೆ ಉಳಿದಂಥ ತುರಿಕೆಯ ದದ್ದು, ಇವು ಚೇತರಿಕೆಯ ಗುರುತು. ಕಂಡ ಕೂಡಲೇ ವೈದ್ಯರಿಗೆ ಹೇಳಿ ಡ್ರಿಪ್ ತಗ್ಗಿಸುವ ಮಾತು ಎತ್ತಬೇಕಾದವರು ಹಾಸಿಗೆ ಪಕ್ಕದಲ್ಲಿರುವ ನಾವೇ.

ಇಲಿ ಜ್ವರ: ಮೂತ್ರ ಹೋಗುತ್ತಿದ್ದರೂ ಸೋಲುವ ಕಿಡ್ನಿ

ನಾಟಿಯ ದಿನಗಳಲ್ಲಿ ಬೆಳಗಿಂದ ಸಂಜೆವರೆಗೆ ಕೆಸರಿನಲ್ಲಿ ನಿಂತವರ ಕಾಲು ನೋಡಿ. ಬೆರಳ ಸಂದು ಬೆಳ್ಳಗೆ ನೆನೆದು ಒಡೆದಿರುತ್ತದೆ. ಇಲಿಯ ಮೂತ್ರದಿಂದ ನೀರಿಗೆ ಬಂದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಕ್ಕೆ ಅಷ್ಟು ದಾರಿ ಸಾಕು. ಕಣ್ಣು ಬಾಯಿಗೆ ಕೆಸರು ಹಾರಿದರೂ ಸಾಕು. ಸ್ಕ್ರೂ ಥರ ಸುರುಳಿ ಸುತ್ತಿದ, ತುದಿ ಕೊಕ್ಕೆಯಂತೆ ಬಾಗಿದ ಜೀವಿ ಇದು. ಇಲಿಯ ಕಿಡ್ನಿಯಲ್ಲಿ ಅದಕ್ಕೆ ತೊಂದರೆ ಕೊಡದೆ ಇರುತ್ತದೆ. ನಮ್ಮ ಕಿಡ್ನಿಯಲ್ಲಿ ಹಾಗಲ್ಲ. ಸೋಂಕು ತಗುಲಿ ಜ್ವರ ಕಾಣಿಸಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಆದ್ದರಿಂದ "ನಿನ್ನೆ ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ಹದಿನೈದು ದಿನದಲ್ಲಿ ಗದ್ದೆ, ಚರಂಡಿ, ನೆರೆ ನೀರಿಗೆ ಇಳಿದಿದ್ದಿರಾ?" ಎಂದು ಕೇಳಬೇಕು.

ಹೆಚ್ಚಿನವರಲ್ಲಿ ಇದು ಸಣ್ಣ ಜ್ವರವಾಗಿ ಮುಗಿಯುತ್ತದೆ. ಎರಡು ಗುರುತು ಮಾತ್ರ ಮರೆಯಬಾರದು. ಕಣ್ಣು ಕೆಂಪಾಗುತ್ತದೆ, ಆದರೆ ಕೀವು ಪಿಸುರು ಇರುವುದಿಲ್ಲ. ಮೀನಖಂಡ ಮೆಲ್ಲಗೆ ಅದುಮಿದರೂ ರೋಗಿ ಕಾಲು ಎಳೆದುಕೊಳ್ಳುತ್ತಾರೆ. ಬ್ಯಾಕ್ಟೀರಿಯ ರಕ್ತದಲ್ಲಿ ಓಡಾಡುತ್ತಾ ಸ್ನಾಯುವಿಗೂ ಏಟು ಕೊಟ್ಟಿರುತ್ತದೆ.

ಕೆಲವರಲ್ಲಿ ಅದು ಮುಂದೆ ಹೋಗಿ ಕಿಡ್ನಿ, ಲಿವರ್, ಶ್ವಾಸಕೋಶ ಹಿಡಿಯುತ್ತದೆ. ಇದರಲ್ಲಿ ಕಿಡ್ನಿಯ ಕಥೆಯೇ ನರ್ಸುಗಳನ್ನು ಜಾಸ್ತಿ ದಾರಿ ತಪ್ಪಿಸುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಾರವಾರದ ಬೈತಖೋಲ ಬಂದರಿಗೆ ದೋಣಿ ಬಂದಾಗ ಏನಾಗುತ್ತದೆ? ಬಲೆಯಲ್ಲಿದ್ದದ್ದನ್ನೆಲ್ಲ ಮೊದಲು ಸುರಿಯುತ್ತಾರೆ. ಆಮೇಲೆ ಬಂಗುಡೆ, ತಾರ್ಲೆ, ಸಿಗಡಿ ಆರಿಸಿ ಬುಟ್ಟಿಗೆ ಹಾಕುತ್ತಾರೆ. ಬೇಡದ್ದು ಹೊರಗೆ. ಕಿಡ್ನಿಯೂ ಹಾಗೇ ಮಾಡುತ್ತದೆ. ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸಿ ನಳಿಕೆಗಳಿಗೆ ಸುರಿಯುತ್ತದೆ. ಆಮೇಲೆ ನಳಿಕೆಯ ಗೋಡೆಯ ಕೋಶಗಳು ಬೇಕಾದದ್ದನ್ನು ಆರಿಸಿ ವಾಪಸು ತೆಗೆದುಕೊಳ್ಳುತ್ತವೆ. ಕೊನೆಗೆ ಮೂತ್ರವಾಗಿ ಉಳಿಯುವುದು ಒಂದೂವರೆ ಲೀಟರ್ ಆಸುಪಾಸು.

ಲೆಪ್ಟೊಸ್ಪೈರಾ ಬೀಡುಬಿಡುವುದು ಈ ನಳಿಕೆಯ ಮೊದಲ ಭಾಗದಲ್ಲಿ. ಅಂದರೆ ಆರಿಸುವವರೇ ಹಾಸಿಗೆ ಹಿಡಿದಂತೆ. ಉಪ್ಪಿನ ಸೋಡಿಯಂ ವಾಪಸು ಹೋಗುವುದಿಲ್ಲ, ಮುಂದಕ್ಕೆ ಹರಿಯುತ್ತದೆ. ನಳಿಕೆಯ ಕೊನೆಯ ಭಾಗ ಅದನ್ನು ಹಿಡಿಯಲು ನೋಡುತ್ತದೆ, ಆದರೆ ಅಲ್ಲಿನ ಲೆಕ್ಕ ಬೇರೆ: ಸೋಡಿಯಂ ಒಳಗೆ ತೆಗೆದುಕೊಂಡರೆ ಬದಲಿಗೆ ಪೊಟ್ಯಾಷಿಯಂ ಹೊರಗೆ ಬಿಡಬೇಕು. ಸೋಸುವ ಕೆಲಸವೂ ಕುಗ್ಗಿರುವುದರಿಂದ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಏರುತ್ತದೆ. ಮೂತ್ರದ ಚೀಲ ಮಾತ್ರ ತುಂಬುತ್ತಲೇ ಇರುತ್ತದೆ.

ಕಿಡ್ನಿ ಕೆಟ್ಟರೆ ಮೂತ್ರ ನಿಲ್ಲುತ್ತದೆ, ಪೊಟ್ಯಾಷಿಯಂ ಏರುತ್ತದೆ ಎಂದು ನಾವು ಕಲಿತಿರುತ್ತೇವೆ. ಇಲಿ ಜ್ವರದಲ್ಲಿ ಶುರುವಿಗೆ ಎರಡೂ ಉಲ್ಟಾ ಆಗಬಹುದು. ಚೀಲ ತುಂಬಿದೆ ಎಂದು ಸಮಾಧಾನಪಡುವ ಹೊತ್ತಿಗೆ ಪೊಟ್ಯಾಷಿಯಂ ಇಳಿದು ಕೈಕಾಲು ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ರೋಗ ಬಲಿತ ಮೇಲೆ ಮೂತ್ರ ನಿಜವಾಗಿಯೂ ಕಡಿಮೆಯಾಗುತ್ತದೆ. 50 ಕೆಜಿ ತೂಕದವರಿಗೆ ಗಂಟೆಗೆ 25 ಎಂಎಲ್, ಅಂದರೆ ಸಣ್ಣ ಚಹಾ ಲೋಟದ ಕಾಲು ಭಾಗ, ಅಷ್ಟೂ ಬಾರದಿದ್ದರೆ ತಕ್ಷಣ ಹೇಳಬೇಕು. ಹೊತ್ತಿಗೆ ಸರಿಯಾಗಿ ಔಷಧಿ, ಬೇಕಾದರೆ ಡಯಾಲಿಸಿಸ್ ಸಿಕ್ಕರೆ ಈ ಕಿಡ್ನಿ ಬಹುತೇಕ ಪೂರ್ತಿ ಸುಧಾರಿಸುತ್ತದೆ. ಮನೆಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಡಯಾಲಿಸಿಸ್ ಎಂದ ಕೂಡಲೇ ಜೀವನಪೂರ್ತಿ ಎಂದು ಹೆದರಿ ಕೂತಿರುತ್ತಾರೆ.

ಲಿವರಿನ ವಿಷಯ ಚಿಕ್ಕದು. ತೋಟಕ್ಕೆ ನೀರು ಹಾಯಿಸುವ ಅಡಿಕೆ ದಬ್ಬೆ ಗೊತ್ತಲ್ಲ, ಒಂದಕ್ಕೊಂದು ಜೋಡಿಸಿದ ಕಡೆ ಸಡಿಲವಾದರೆ ನೀರು ದಾರಿಯಲ್ಲೇ ಸುರಿಯುತ್ತದೆ. ಲಿವರ್ ಕೋಶಗಳ ನಡುವೆ ಪಿತ್ತ ಹರಿಯುವ ಸಣ್ಣ ಕಾಲುವೆಗಳಿವೆ. ಲೆಪ್ಟೊಸ್ಪೈರಾ ಆ ಜೋಡಣೆಗಳನ್ನು ಬಿಚ್ಚುತ್ತದೆ. ಪಿತ್ತ ರಕ್ತಕ್ಕೆ ಸೋರುತ್ತದೆ, ಕಣ್ಣು ಅರಿಶಿನವಾಗುತ್ತದೆ. ಕೋಶಗಳು ಸಾಯುವುದು ಕಡಿಮೆ. ಅದಕ್ಕೇ ಪಿತ್ತದ ಹಳದಿ ಬಣ್ಣವಾದ ಬಿಲಿರುಬಿನ್ ಬಹಳ ಏರಿದ್ದರೂ, ಕೋಶ ಸತ್ತಾಗ ರಕ್ತಕ್ಕೆ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿ ಅಷ್ಟಾಗಿ ಏರಿರುವುದಿಲ್ಲ. ಮಾಮೂಲಿ ವೈರಲ್ ಕಾಮಾಲೆಯಲ್ಲಿ ಅವು ಸಾವಿರ ದಾಟುವುದುಂಟು. ಕಾಮಾಲೆ ಎಂದು ನಾಟಿ ಮದ್ದು ಹುಡುಕಿಕೊಂಡು ಮೂರು ದಿನ ಕಳೆದು ಬಂದವರನ್ನು ನಾನು ನೋಡಿದ್ದೇನೆ. ಆ ಮೂರು ದಿನ ಕಿಡ್ನಿಗೆ ತುಂಬಾ ದುಬಾರಿ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಶ್ವಾಸಕೋಶ. ಗಾಳಿಚೀಲದ ಸುತ್ತಲಿನ ಸೂಕ್ಷ್ಮ ರಕ್ತನಾಳಗಳು ಒಡೆದು ರಕ್ತ ಒಳಗೇ ತುಂಬುತ್ತದೆ. ಕೆಮ್ಮಿನಲ್ಲಿ ರಕ್ತ ಕಾಣಲೇಬೇಕೆಂದಿಲ್ಲ. ಮೊದಲು ಬದಲಾಗುವುದು ಉಸಿರಿನ ಲೆಕ್ಕ. 18 ಇದ್ದದ್ದು 24, ಆಮೇಲೆ 30. ಪೂರ್ತಿ ಒಂದು ನಿಮಿಷ ಎದೆ ನೋಡುತ್ತಾ ಎಣಿಸಿ. ಅಂದಾಜಿಗೆ 20 ಎಂದು ಬರೆಯುವ ಅಭ್ಯಾಸ ಇಲ್ಲಿ ಜೀವ ತೆಗೆಯುತ್ತದೆ.

ಚಿಕಿತ್ಸೆಗೆ ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಇವೆ. ಮೊದಲ ಡೋಸ್ ಕೊಟ್ಟು ಕೆಲವು ಗಂಟೆಯೊಳಗೆ ಕೆಲವರಿಗೆ ಚಳಿ ಜ್ವರ ಏರಿ ಬಿಪಿ ಇಳಿಯುತ್ತದೆ. ಬ್ಯಾಕ್ಟೀರಿಯ ಒಟ್ಟಿಗೇ ಸತ್ತು ಅವುಗಳ ಚೂರುಗಳು ರಕ್ತಕ್ಕೆ ಬರುವುದರಿಂದ ಹೀಗಾಗುತ್ತದೆ. ಅಲರ್ಜಿಯಲ್ಲಿ ಸಾಮಾನ್ಯವಾಗಿ ದದ್ದು, ಮುಖದ ಊತ, ಉಬ್ಬಸ ಇರುತ್ತವೆ. ವ್ಯತ್ಯಾಸ ಗಮನಿಸಿ ವೈದ್ಯರಿಗೆ ತಿಳಿಸಿ. ಬೇಕಾದ ಔಷಧಿಯೇ ನಿಂತುಹೋಗಬಾರದು.

ಮಂಗನ ಕಾಯಿಲೆ: ಹೋಗಿ ಮರಳುವ ಜ್ವರ

ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕೊಡುವ ಕಾಡು, ಇಲ್ಲದೆ ಬೇಸಾಯವಿಲ್ಲ. ಬೇಸಿಗೆಯಲ್ಲಿ ದರಕು ಗುಡಿಸಿ ತರಬೇಕು. ಆ ಒಣ ಎಲೆಗಳ ನಡುವೆ ಸಾಸಿವೆಗಿಂತ ಚಿಕ್ಕ ಉಣುಗಿನ ಮರಿಗಳಿರುತ್ತವೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಹರಡುವುದು ಈ ಉಣುಗಿನಿಂದ. ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರ, ಹೊನ್ನಾವರದ ಕಡೆ ಇದನ್ನು ಕಂಡಿದ್ದೇವೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಸುತ್ತಲೂ ಉದುರುತ್ತದೆ. ಆದ್ದರಿಂದ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ಹೇಳಬೇಕು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರ ಇಡುವ ಅಗತ್ಯ ಖಂಡಿತ ಇಲ್ಲ.

ಕಚ್ಚಿದ 3ರಿಂದ 8 ದಿನದಲ್ಲಿ ಏಕಾಏಕಿ ಜೋರು ಜ್ವರ, ಸಹಿಸಲಾಗದ ತಲೆನೋವು, ಸೊಂಟ ಕಾಲಿನ ನೋವು. ವೈರಸ್ಸಿನ ಏಟು ಎದ್ದು ಕಾಣುವುದು ರಕ್ತದ ಎಣಿಕೆಯಲ್ಲಿ. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಕೆಲವರಿಗೆ ಒಸಡು, ಮೂಗು, ಕರುಳಿನಲ್ಲಿ ರಕ್ತಸ್ರಾವ. ಬಿಪಿ ಇಳಿಯುತ್ತದೆ. ಜ್ವರ ಏರಿದಾಗ ನಾಡಿಯೂ ಓಡಬೇಕು, ಇಲ್ಲಿ ನಾಡಿ ನಿಧಾನವಾಗಿಯೇ ಇರಬಹುದು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರು, ರಕ್ತ, ಬಿಪಿ, ಉಸಿರು ಕಾಯುವುದೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆಯಲ್ಲಿ ಈ ಕಾಯುವ ಕೆಲಸಕ್ಕೆ ಎಷ್ಟು ಬೆಲೆ ಎಂದು ಯೋಚಿಸಿ.

ಹೆಚ್ಚಿನವರು ಒಂದೆರಡು ವಾರದಲ್ಲಿ ಗುಣವಾಗುತ್ತಾರೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ, ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದ ಮೇಲೆ ಮತ್ತೆ ಜ್ವರ ಬರುತ್ತದೆ. ಈ ಸಲ ಅದರ ಗುರಿ ಮೆದುಳು ಮತ್ತು ಅದರ ಸುತ್ತಲಿನ ಪೊರೆ. ಪೊರೆ ಉರಿದು ಕುತ್ತಿಗೆ ಬಿಗಿಯುತ್ತದೆ. ಕೈ ನಡುಗುತ್ತದೆ, ಮಾತು ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ.

ಅಷ್ಟೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ. ಮನೆ ಬಸ್ಸು ಬಾರದ ಕೇರಿಯಲ್ಲಿರಬಹುದು. ಹುಬ್ಬಳ್ಳಿಗೆ ಹತ್ತಬೇಕು, ಇಲ್ಲವೇ ಘಟ್ಟ ಇಳಿದು ಮಣಿಪಾಲದ ದಾರಿ ಹಿಡಿಯಬೇಕು. ಯಾವ ಕಡೆ ಹೋದರೂ ಗಂಟೆಗಟ್ಟಲೆ ದಾರಿ. ಅದಕ್ಕೇ ಡಿಸ್ಚಾರ್ಜ್ ದಿನ ಮಾತ್ರೆ ಚೀಟಿ ಕೊಡುವಾಗ ನಾನು ಮನೆಯವರೊಬ್ಬರನ್ನು ಕೂರಿಸಿಕೊಂಡು ಕ್ಯಾಲೆಂಡರಿನಲ್ಲಿ ಮುಂದಿನ ಮೂರು ವಾರಕ್ಕೆ ಗೆರೆ ಹಾಕಿಸುತ್ತೇನೆ. ಆಮೇಲೆ ರೋಗಿಗೆ ಹೇಳುತ್ತೇನೆ: "ಗದ್ದ ಬಗ್ಗಿಸಿ ಎದೆಗೆ ಮುಟ್ಟಿಸಿ ನೋಡೋಣ." ಮುಟ್ಟಿಸುತ್ತಾರೆ. "ದಿನಾ ಬೆಳಿಗ್ಗೆ ಇದನ್ನೇ ಮಾಡಿ. ಮುಟ್ಟದ ದಿನ, ಜ್ವರ ಇರಲಿ ಬಿಡಲಿ, ಕಾಯಬೇಡಿ, ಹೊರಟುಬಿಡಿ."